ಆಧಾರವಿಲ್ಲದ ಸಾಲು

“ಸಾ, ಅದ್ನ ನೀವೇ ಬರೀತಿರೋದಾ?”

ಹುಣಸೂರಿನ ಇಂಟರ್‌ನೆಟ್ ಸೆಂಟರಿನಲ್ಲಿ ನನ್ನ ಬೆನ್ನ ಹಿಂದೆ ನಿಂತು ಕೇಳಿದವರು ಹನಗೋಡು ಕಡೆಯ ಒಬ್ಬ ಹೆಂಗಸು. ಕಿರಿಮಗಳ ಪಿಯುಸಿ ಫಲಿತಾಂಶ ನೋಡಲು ಬಂದಿದ್ದರು. ಯಾರು ಬೇಕಾದರೂ ಬರೆದು ತಿದ್ದಬಹುದಾದ ಇಂಟರ್‌ನೆಟ್ಟಿನ ಕನ್ನಡ ವಿಶ್ವಕೋಶದಲ್ಲಿ ಥಲಸ್ಸೇಮಿಯಾ ಬಗ್ಗೆ ಎರಡೇ ಸಾಲಿತ್ತು. ಜೀವಶಾಸ್ತ್ರದ ಮೇಷ್ಟ್ರಾದ ನಾನು ಅದನ್ನು ಬೆಳೆಸುತ್ತಿದ್ದೆ. ‘ಕೆಂಪು ರಕ್ತಕಣದ ಈ ದೋಷ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಗುವಿಗೆ ಕಾಯಿಲೆಯಾಗುತ್ತದೆ’ ಎಂದು ಆಗಷ್ಟೇ ಟೈಪ್ ಮಾಡಿದ್ದೆ.

ಆಕೆ ಅದನ್ನು ಮೆಲ್ಲಗೆ ಓದಿಕೊಂಡರು. ಮೊಮ್ಮಗನಿಗೆ ಇದೇ ಕಾಯಿಲೆಯಂತೆ, ತಿಂಗಳು ತಿಂಗಳೂ ಮೈಸೂರಿಗೆ ಹೋಗಿ ರಕ್ತ ಹಾಕಿಸಬೇಕಂತೆ.

“ಸೊಸೆ ತವರಿಂದ ಬಂತು ಅಂತ ಅವಳ್ನ ಬಯ್ಕೊಂಡೇ ಬಂದೆ ಕಣ್ರೀ. ಅವಳು ನನ್ನ ತಮ್ಮನ ಮಗಳೇಯ. ಅವಳ ತವರು ಅಂದ್ರೆ ನಂದೂ ತವರೇ ಅಲ್ವಾ? ಅಂಗಾರೆ ನನ್ ಮಗನ್ಗೆ ನಾನೇ ಕೊಟ್ನಾ?”

ಇರಬಹುದು, ಪರೀಕ್ಷೆ ಮಾಡಿಸದೆ ಹೇಳಲಾಗದು; ಆದರೆ ಇದು ಯಾರ ತಪ್ಪೂ ಅಲ್ಲಮ್ಮ ಎಂದೆ.

“ಅದ್ನೂ ಅಲ್ಲಿ ಬರೀರಿ ಮತ್ತೆ. ನನ್ ಬಾಯಲ್ಲಿ ಬರಾಕಿಲ್ಲ. ಅವಳ್ನೇ ಕರ್ಕೊಂಡ್ ಬಂದು ಓದಿಸ್ತೀನಿ.”

‘ಇದು ಯಾರ ತಪ್ಪೂ ಅಲ್ಲ’ ಎಂದು ಆಕೆಯ ಎದುರಿಗೇ ಬರೆದೆ.

ಮುಂದಿನ ವಾರ ನೋಡಿದರೆ ಆ ಸಾಲೊಂದೇ ಇರಲಿಲ್ಲ. ಗುರುತಿಲ್ಲದ ಯಾರೋ ಅದನ್ನು ತೆಗೆದು, ‘ಆಧಾರ ಕೊಡಿ’ ಎಂದು ಬರೆದಿದ್ದರು. ವಿಶ್ವಕೋಶದ ನಿಯಮಕ್ಕೆ ಅದು ಸರಿಯೇ. ಆದರೆ ಅಂಥ ಮಾತಿಗೆ ಆಧಾರ ಎಲ್ಲಿ ಹುಡುಕಲಿ? ಅತ್ತೆ ಸೊಸೆ ಓದಲು ಬಂದರೋ ಇಲ್ಲವೋ, ಬಂದಿದ್ದರೆ ಆಗ ಆ ಸಾಲು ಇತ್ತೋ ಹೋಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.