ಕ್ಲಿಯರ್ ಲೇಕಿನ ಸರೋಜಮ್ಮ

ಬೇಕಾದ ಹಾಡು ಬೇಕೆಂದಾಗ ಕೈಗೆ ಸಿಗದಿದ್ದ ಕಾಲ ಅದು. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದೆವು. ವಾರವೆಲ್ಲ ಎಂಜಿನಿಯರ್ ಆಗಿರುತ್ತಿದ್ದ ಅಪ್ಪ, ಭಾನುವಾರ ಬೆಳಿಗ್ಗೆ ಒಂದು ಪುಟ್ಟ ರೇಡಿಯೋ ಸ್ಟೇಷನ್ನಿನಲ್ಲಿ ಪುಕ್ಕಟೆಯಾಗಿ ಕನ್ನಡ ಕಾರ್ಯಕ್ರಮ ನಡೆಸುತ್ತಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜ ಬಂತೆಂದರೆ ಸ್ಟೇಷನ್ನಿನವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿಬಿಡುತ್ತಿದ್ದರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಆ ಖಾಲಿ ಹೊತ್ತನ್ನು ಅಪ್ಪನಿಗೆ ಕೊಟ್ಟರು. ಇಡೀ ವಾರ, ದಿನಾ ಮಧ್ಯಾಹ್ನ, ಕನ್ನಡದ ವಿಶೇಷ ಕಾರ್ಯಕ್ರಮ! ಅಪ್ಪನನ್ನು ಹಿಡಿಯುವವರೇ ಇರಲಿಲ್ಲ.

ಅಮ್ಮನಿಗೆ ಮಾತ್ರ ಆ ರಜಕ್ಕೆ ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿದ್ದ ಅಕ್ಕನ ಮನೆಗೆ ಹೋಗುವ ಆಸೆ. ಹೈವೇಯಲ್ಲಿ ಡ್ರೈವ್ ಮಾಡಲು ಅವಳಿಗೆ ಭಯ. ಅಪ್ಪ ಬರುವುದಿಲ್ಲ ಎಂದರು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತು, ನಾನೇ ಟಪಾಲಾದೆ.

“ಊಟ ಆರ್ತಿದೆ ಅಂತ ನಿಮ್ಮಪ್ಪಂಗೆ ಹೇಳು.”

“ಮುಚ್ಚಿಡು ಅಂತ ಹೇಳು ನಿಮ್ಮಮ್ಮಂಗೆ.”

ನಾನು ಇಬ್ಬರಿಗೂ “ಓಕೆ” ಎನ್ನುತ್ತಿದ್ದೆ.

ಆ ವಾರ ಬೀದಿಯಲ್ಲಿ ಒಂದು ಮಗುವೂ ಇರಲಿಲ್ಲ. ಒಬ್ಬಳೇ ಗೋಡೆಗೆ ಚೆಂಡು ಹೊಡೆದು ಹೊಡೆದು ಬೇಸತ್ತು ಒಳಗೆ ಬಂದರೆ, ಅಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಫ್ರಿಜ್ಜಿನ ಮೇಲಿನ ರೇಡಿಯೋದಲ್ಲಿ ಅಪ್ಪ ಒಬ್ಬರೇ ಮಾತಾಡುತ್ತಿದ್ದರು. ಅರ್ಧ ಗಾದೆ ಅವರು ಹೇಳುವುದು, ಉಳಿದರ್ಧವನ್ನು ಕೇಳುಗರು ಫೋನ್ ಮಾಡಿ ಹೇಳುವುದು ಎಂದು ಆಟ. ಕನ್ನಡದವರೆಲ್ಲ ಡಲ್ಲಾಸ್, ಆಸ್ಟಿನ್ ಎಂದು ನೆಂಟರ ಮನೆ ಸೇರಿಯಾಗಿತ್ತು. ಒಂದು ಫೋನೂ ಬರಲಿಲ್ಲ.

“ಗಂಡ ಹೆಂಡಿರ ಜಗಳ... ಮುಂದೆ ಹೇಳಿ. ಯಾರಾದ್ರೂ ಹೇಳಿ,” ಎಂದರು ಅಪ್ಪ. ದನಿ ಸೋತಿತ್ತು. ನನಗೆ ಅಳು ಬಂತು.

ಅಮ್ಮ ಒಲೆ ಆರಿಸಿ, ರೇಡಿಯೋ ಸಣ್ಣ ಮಾಡಿ, ಫೋನ್ ಎತ್ತಿಕೊಂಡಳು.

“ನಮಸ್ಕಾರ್ರಿ. ಕ್ಲಿಯರ್ ಲೇಕಿಂದ ಸರೋಜಾ ಮಾತಾಡ್ಲಿಕ್ಕತ್ತೀನ್ರಿ.”

ಕ್ಲಿಯರ್ ಲೇಕ್ ಇದ್ದದ್ದು ಹ್ಯೂಸ್ಟನ್ನಿನ ಆಚೆ ತುದಿಯಲ್ಲಿ; ಅಮ್ಮನ ಹೆಸರು ಸರೋಜಾ ಅಲ್ಲವೇ ಅಲ್ಲ. ಅಮ್ಮ ಧಾರವಾಡದವಳು. ಮೈಸೂರಿನ ಮನೆಗೆ ಸೊಸೆಯಾಗಿ ಬಂದಮೇಲೆ ಆ ಮಾತನ್ನು ಬಿಟ್ಟಿದ್ದಳು. ಅದು ಅವಳ ಬಾಯಲ್ಲಿ ಇಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಾದದ್ದೇ ಆವತ್ತು.

ರೇಡಿಯೋದಲ್ಲಿ ಅಪ್ಪನ ಕುರ್ಚಿ ಕಿರ್ ಎಂದಿತು. “ಹೇಳಿ ಸರೋಜಮ್ಮ. ಉಂಡು ಮಲಗೋ ತನಕ, ಅಲ್ವಾ?”

“ಆ ಗಾದಿ ಮಾಡಿದವರು ನಮ್ಮ ಮನೀಗೆ ಬಂದಿಲ್ರಿ.”

ಅಪ್ಪ ನಕ್ಕರು. “ಹಬ್ಬಕ್ಕೆ ಎಲ್ಲೂ ಹೋಗ್ಲಿಲ್ವಾ?”

“ಎಲ್ಲಿಗ್ರಿ? ನಾನು, ನನ್ನ ಮಗಳು, ಇಬ್ಬರೇ ಕೂತೀವಿ.”

“ಮನೆಯವರಿಗೆ ಹೇಳ್ಬೇಕಿತ್ತು ನೀವು.”

“ಹೇಳೀನ್ರಿ. ಅವರು ಮಾತಾಡ್ತಾರ ಅಷ್ಟ. ಕೇಳಂಗಿಲ್ಲ.”

ಅಪ್ಪ ತಕ್ಷಣ ಒಂದು ಹಾಡು ಹಾಕಿದರು.

ಸಂಜೆ ನಾನು ಮೂರು ತಟ್ಟೆ ಒಟ್ಟಿಗೆ ಇಟ್ಟು ಕಾದೆ. ಇನ್ನೇನು ಮಾತಾಡಿಯೇ ಬಿಡುತ್ತಾರೆ ಎಂದುಕೊಂಡಿದ್ದೆ. ಅಪ್ಪ ಶೂ ಬಿಚ್ಚಿ ಬಂದು ಕೂತು, ನನ್ನ ಕಡೆ ತಿರುಗಿ, “ಚಿತ್ರಾನ್ನ ಚೆನ್ನಾಗಿದೆ ಅಂತ ಹೇಳು ನಿಮ್ಮಮ್ಮಂಗೆ,” ಎಂದರು. ಅಮ್ಮ ಎದುರಿಗೇ ಕೂತಿದ್ದಳು.

ಮರುದಿನವೂ ಸರೋಜಮ್ಮ ಫೋನ್ ಮಾಡಿದರು. ಅದರ ಮರುದಿನವೂ. ಅಪ್ಪ ಅವರನ್ನು ನಗಿಸಿದರು, ಕೆಮ್ಮು ಹೇಗಿದೆಯೆಂದು ವಿಚಾರಿಸಿದರು. ಮನೆಯಲ್ಲಿ ಅಮ್ಮ ಕೆಮ್ಮಿದರೆ ಅವರು ಟಿವಿ ಜೋರು ಮಾಡುತ್ತಿದ್ದರು. ನಾನು ನೆಲದ ಮೇಲೆ ಕೂತು ಅಮ್ಮನ ಸೆರಗಿನಂತೆ ಇಳಿಬಿದ್ದಿದ್ದ ಫೋನಿನ ವೈರ್ ಹಿಡಿದುಕೊಂಡಿರುತ್ತಿದ್ದೆ. ಈ ವಾರ ಮುಗಿಯದೇ ಇರಲಿ ಎಂದು ದೇವರನ್ನು ಕೇಳಿಕೊಂಡೆ. ಕೊನೆಯ ದಿನ ಅಪ್ಪ, “ಮುಂದಿನ ವರ್ಷವೂ ಫೋನ್ ಮಾಡ್ತೀರಾ?” ಎಂದರು.

“ನೋಡೂಣ್ರಿ,” ಎಂದಳು ಅಮ್ಮ.

ಮುಂದಿನ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ನಾನು, ಅಮ್ಮ ಫ್ರಿಸ್ಕೋದ ದೊಡ್ಡಮ್ಮನ ಮನೆಗೆ ಶಿಫ್ಟ್ ಆಗಿದ್ದೆವು. ಅಪ್ಪ ಆಮೇಲೆ ಆಸ್ಟಿನ್ನಿನಲ್ಲಿ ಕೆಲಸ ಹಿಡಿದರು. ಆ ಸ್ಟೇಷನ್ ಈಗಿಲ್ಲ.

ಈಗ ಪ್ರತಿ ವರ್ಷ ಆ ರಜದಲ್ಲಿ ನಾನೇ ಡ್ರೈವ್ ಮಾಡಿಕೊಂಡು ಮೊದಲು ಆಸ್ಟಿನ್ನಿಗೆ, ಅಲ್ಲಿಂದ ಫ್ರಿಸ್ಕೋಗೆ ಹೋಗುತ್ತೇನೆ. ದಾರಿಯುದ್ದಕ್ಕೂ ಕಾರಿನಲ್ಲಿ ಬೇಕಾದ ಹಾಡೆಲ್ಲ ಸಿಗುತ್ತದೆ. ಯಾರಾದರೂ ಫೋನ್ ಮಾಡಲಿ ಎಂದು ಕಾಯುವ ಒಂದು ದನಿ ಮಾತ್ರ ಎಲ್ಲೂ ಸಿಗುವುದಿಲ್ಲ. ಹೊರಡುವಾಗ ಅಪ್ಪ ಕಾರಿನ ಕಿಟಕಿಗೆ ಬಗ್ಗಿ, “ಸರೋಜಮ್ಮ ಹೇಗಿದ್ದಾರೆ?” ಎನ್ನುತ್ತಾರೆ. ಅಮ್ಮನ ಹೆಸರು ಎತ್ತುವುದಿಲ್ಲ.

ಹೋದ ವರ್ಷ ಅದನ್ನು ಅಮ್ಮನಿಗೆ ಹೇಳಿದೆ. ಅವಳು ಒಗ್ಗರಣೆ ಸೌಟು ಕೆಳಗಿಟ್ಟು ಒಲೆ ಆರಿಸಿದಳು.

“ಆಕಿ ಭಾಳ ದಿನಾ ಕಾದಳು ಅಂತ ಹೇಳು ನಿಮ್ಮಪ್ಪಗ.”

“ಓಕೆ,” ಎಂದೆ.