ತೊಳೆದಿಟ್ಟ ಎಂಜಿನ್ನು

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಯ ಹಿತ್ತಲಲ್ಲಿ ಹುಣಸೆಹಣ್ಣು ನೆನೆಹಾಕುತ್ತಾರೆ. ಮಚ್ಚು, ಕುಡುಗೋಲು, ತಕ್ಕಡಿಯ ತಟ್ಟೆ, ಹಿತ್ತಾಳೆ ದೀಪ, ಎಲ್ಲಕ್ಕೂ ಅದೇ ಹುಳಿ, ಅದೇ ತೆಂಗಿನ ನಾರು. ಈ ಸಲ ಆ ವಾಸನೆ ಮೂಗಿಗೆ ಬಂದಾಗ ನಾನು ವರಾಂಡದಲ್ಲಿ ಕಾಫಿ ಹಿಡಿದು ಕೂತಿದ್ದೆ. ಸೊಸೆ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿ ತಂದು ಮುಂದಿಟ್ಟಳು.

"ಅತ್ತೆ, ಇದ್ರಲ್ಲಿ ಯಾವ್ದೋ ಹಳೇ ರೈಲೈತೆ. ತೊಳೆಯೋಕೆ ಹಾಕ್ಲಾ, ಗುಜರಿಗೆ ಹಾಕ್ಲಾ?"

ಮೊಣಕೈಯಷ್ಟು ಉದ್ದದ ತಗಡಿನ ಉಗಿ ಎಂಜಿನ್ನು. ಮೂಗಿನ ಹತ್ತಿರ ತಂದು ನೋಡಿದೆ. ಹುಣಸೆಯ ವಾಸನೆ ಅದರಲ್ಲಿ ಉಳಿದಿರಲು ಸಾಧ್ಯವೇ ಇಲ್ಲ, ಎಷ್ಟೋ ವರ್ಷವಾಯಿತು. ಆದರೂ...

ಅದನ್ನು ಮಾಡಿದವರು ನನ್ನ ಚಿಕ್ಕಮಾವ, ಮಾವನವರ ತಮ್ಮ. ತಿಪಟೂರಿನ ಈ ಮನೆಯಲ್ಲಿ ಎಲ್ಲರೂ ಕೊಬ್ಬರಿ ವ್ಯಾಪಾರಕ್ಕೆ ಕೂತರೆ ಅವರೊಬ್ಬರು ರೈಲ್ವೆ ಸೇರಿದರು. ಕಲ್ಲಿದ್ದಲು ಎರಚುವ ಕೆಲಸದಿಂದ ಶುರು ಮಾಡಿ, ಮೀಟರ್‌ಗೇಜಿನ ಉಗಿ ಎಂಜಿನ್ನಿನ ಡ್ರೈವರ್ ಆಗಿ ರಿಟೈರ್ ಆದರು. ಆಮೇಲೆ ಅವರೂ ಚಿಕ್ಕತ್ತೆಯೂ ನಮ್ಮ ಹಿತ್ತಲ ಕಡೆಯ ಎರಡು ಕೋಣೆಗಳಲ್ಲಿ ಇದ್ದರು. ತಲೆಯ ಮೇಲೆ ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ, ಕೆಳಗೆ ಚಿಕ್ಕಮಾವನ ರೈಲು.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಸೊಸೆಯಾಗಿ ಬಂದವಳು. ನನ್ನ ಜೊತೆ ಇಂಗ್ಲಿಷ್ ಆಡಲು ಇಲ್ಲಿ ಇದ್ದವರು ಅವರೊಬ್ಬರೇ. ಶೆಡ್ಡಿನ ಫೋರ್‌ಮನ್‌ಗಳಿಂದ ಕಲಿತ ಇಂಗ್ಲಿಷು, ಅರ್ಧ ಬೈಗುಳ. "ಗುಡ್ ಮಾರ್ನಿಂಗ್ ಮೇಡಂ, ಎನಿ ನಾನ್ಸೆನ್ಸ್ ಟುಡೇ?" ಎನ್ನುತ್ತಿದ್ದರು. ನನಗೆ ಅಷ್ಟೇ ಸಾಕಾಗುತ್ತಿತ್ತು. ಹಾಗಂತ ಅವರು ಒಳ್ಳೆಯವರಾಗಿದ್ದರು ಎಂದು ಬರೆಯಲಾರೆ.

ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಅದರ ಮೇಲೆ ಅವರು ನಮ್ಮೂರಿನ ಸ್ಟೇಷನ್ನನ್ನು ಕಟ್ಟಿದ್ದರು. ಈಗಿನದಲ್ಲ, ಡೀಸೆಲ್ ಬರುವುದಕ್ಕೆ ಮುಂಚಿನದು. ಎಂಜಿನ್ನಿಗೆ ನೀರು ತುಂಬುವ ಕಂಬ, ಗೂಡ್ಸ್ ಶೆಡ್ಡಿನ ಮುಂದೆ ಬಟಾಣಿ ಗಾತ್ರದ ಕೊಬ್ಬರಿ ಮೂಟೆಗಳು, ಪೊರಕೆ ಕಡ್ಡಿಯ ತೆಂಗಿನ ಮರಗಳು. ಎಂಜಿನ್ನುಗಳನ್ನು ಎಣ್ಣೆ ಡಬ್ಬದ ತಗಡಿನಲ್ಲಿ ಮಾಡಿ ಕಪ್ಪು ಬಣ್ಣ ಹೊಡೆಯುತ್ತಿದ್ದರು. ನಮ್ಮ ಕಣ್ಣಿಗೆ ಅಲ್ಲಿಗೆ ಕೆಲಸ ಮುಗಿದಂತೆ. ಅವರಿಗೆ ಅಲ್ಲಿಂದ ಶುರು.

ಯಾರೋ ತಂದುಕೊಟ್ಟ ವಿದೇಶೀ ಮ್ಯಾಗಜೀನೊಂದನ್ನು ನನ್ನ ಮುಂದೆ ಹಿಡಿದು ಕೇಳಿದ್ದರು, "ಈ ವೆದರಿಂಗ್ ವೆದರಿಂಗ್ ಅಂತ ಬರ್ದವ್ರಲ್ಲ, ಏನ್ ಮೇಡಂ ಹಂಗಂದ್ರೆ?" ಬಿಸಿಲು ಮಳೆಗೆ ಸಿಕ್ಕಿ ಹಳತಾಗುವುದು ಎಂದೆ. ಹೊಸ ಎಂಜಿನ್ನಿಗೆ ಬೇಕೆಂದೇ ವಯಸ್ಸು ತರುವ ಕಲೆ. ಅವರಿಗೆ ಆ ಪದ ಬಹಳ ಹಿಡಿಸಿತು. "ನಾನ್ ಇಷ್ಟ್ ದಿನ ಮಾಡ್ತಿರೋದು ಅದೇ ಕಣಮ್ಮ. ಹೆಸ್ರು ಗೊತ್ತಿರ್ಲಿಲ್ಲ ಅಷ್ಟೆ."

ತೆಂಗಿನ ಚಿಪ್ಪಿನ ಇದ್ದಿಲನ್ನು ಕಾಡಿಗೆಯ ಹಾಗೆ ಅರೆದು ಹೊಗೆಗೊಳವೆಯ ಸುತ್ತ ಮಸಿ ಹಿಡಿಸುತ್ತಿದ್ದರು. ಹಾಲ್ಕುರಿಕೆ ಕಡೆಯ ಕೆಮ್ಮಣ್ಣು ಚಕ್ರಗಳಿಗೆ. ನೀರು ಸೋರಿ ಒಣಗಿದ ಕಡೆ ಬಿಳಿ ಗೆರೆ ಇಳಿಯುತ್ತದಲ್ಲ, ಅದಕ್ಕೆ ಎಲೆಯಡಿಕೆ ಡಬ್ಬಿಯ ಸುಣ್ಣ. ಎಂಜಿನ್ನಿನ ಮೂತಿಯ ಬುಡದಲ್ಲಿ ಬೀಳುವ ಬೂದಿಗೆ ಮಾತ್ರ ವಿಭೂತಿಯೇ ಆಗಬೇಕಿತ್ತು, ಅಷ್ಟು ನುಣುಪು ಇನ್ನೊಂದಕ್ಕಿಲ್ಲ. ಶಿವನ ವಿಭೂತಿಯನ್ನು ರೈಲಿಗೆ ಬಳಿಯುತ್ತಾರೆಂದು ಚಿಕ್ಕತ್ತೆ ಗಲ್ಲ ಗಲ್ಲ ಬಡಿದುಕೊಂಡರೆ, "ನಿನ್ ಹಣೆಗಿಂತ ಅಲ್ಲೇ ಚೆನ್ನಾಗಿ ಕಾಣ್ತೈತೆ" ಎನ್ನುತ್ತಿದ್ದರು. ಎಲ್ಲವೂ ನೀರು ಬೆರೆಸಿದ ಗೋಂದಿನ ಮೇಲೆ, ಕೂದಲೆಳೆಯ ಬ್ರಷ್ಷಿನಲ್ಲಿ. ಆ ಕೂದಲೂ ಚಿಕ್ಕತ್ತೆಯ ಬಾಚಣಿಗೆಯಿಂದ ಆಯ್ದದ್ದೇ. ಇವಳಿಂದ ಇದೊಂದು ಉಪಯೋಗ ಆಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಕೊನೆಗೆ ಡ್ರೈವರ್ ಹತ್ತುವ ಜಾಗದ ಹಿಡಿಕಂಬಿಯನ್ನು ಮಾತ್ರ ಬೆರಳಿನಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದರು. "ತುಕ್ಕು ಕಂಡಕಂಡಲ್ಲಿ ಹಿಡಿಯಲ್ಲ ಮೇಡಂ. ಕೈ ಮುಟ್ಟೋ ಕಡೆ ಹಿಡಿಯಾಕಿಲ್ಲ. ಮುಟ್ಟದೇ ಇರೋ ಕಡೇನೇ ಅದು ಸಂಸಾರ ಹೂಡೋದು. ದಟ್ ಈಸ್ ದಿ ರೂಲ್."

ಚಿಕ್ಕತ್ತೆಗೆ ಆ ಕೋಣೆಯ ಹೊಸಿಲು ದಾಟಲು ಅಪ್ಪಣೆ ಇರಲಿಲ್ಲ. ಮೂವತ್ತು ವರ್ಷ ಅವರ ಮಸಿ ಹಿಡಿದ ಬಟ್ಟೆ ಒಗೆದು, ಕೋಟಿನ ಹಿತ್ತಾಳೆ ಗುಂಡಿ ಉಜ್ಜಿದ ಹೆಂಗಸು. ಗಂಡನ ಬಾಯಲ್ಲಿ ಅವರ ಹೆಸರು, ಪಾತ್ರೆ ಉಜ್ಜುವ ನಾರಿನಂತೆ, "ನಾರು". "ಏ ನಾರೂ, ಕಾಫಿ ಅಲ್ಲೇ ಇಡು. ಒಳಗ್ ಬಂದು ಏನಾರ ಉಜ್ಜಿಗಿಜ್ಜೀಯ!" ಚಿಕ್ಕತ್ತೆ ಹೊಸಿಲ ಮೇಲೆ ಲೋಟ ಇಟ್ಟು ಹೋಗುತ್ತಿದ್ದರು. ಚಿಕ್ಕತ್ತೆಯ ಮುಖದಲ್ಲಿ ಆಗಲೇ ಕಪ್ಪು ಮಚ್ಚೆಗಳು ಎದ್ದಿದ್ದವು, ಕೆನ್ನೆಯ ಮೇಲೆ, ಮೂಗಿನ ಎರಡೂ ಬದಿಗೆ. ಒಂದು ದಿನ ಬಿಳಿಗೆರೆ ಊರಿಂದ ಬಂದಿದ್ದ ನೆಂಟರು ರೈಲು ನೋಡುತ್ತ, ಇಷ್ಟು ಚೆನ್ನಾಗಿ ಹಳೇದು ಮಾಡ್ತೀರಲ್ಲ ಎಂದು ಹೊಗಳಿದರು. ಚಿಕ್ಕಮಾವ ಬಾಗಿಲಲ್ಲಿ ನಿಂತಿದ್ದ ಚಿಕ್ಕತ್ತೆಯ ಕಡೆ ಬ್ರಷ್ಷು ತೋರಿಸಿದರು.

"ಇದೇನ್ ಮಹಾ ಬುಡ್ರಿ. ಅಲ್ಲಿ ನಿಂತೈತಲ್ಲ, ಅದು ತಾನಾಗೇ ವೆದರಿಂಗ್ ಆಗೈತೆ. ನಾನು ಬಣ್ಣ ಬಳಿಯೋ ಹಂಗೇ ಇಲ್ಲ!"

ನೆಂಟರು ನಕ್ಕರು. ಪದದ ಅರ್ಥ ಗೊತ್ತಿಲ್ಲದಿದ್ದರೂ ಚಿಕ್ಕತ್ತೆಯೂ ಸ್ವಲ್ಪ ನಕ್ಕರು. ಆಮೇಲೆ ಅಡುಗೆಮನೆಯಲ್ಲಿ ನನ್ನನ್ನು ಕೇಳಿದರು, "ಅದೇನಮ್ಮ ಅವರಂದಿದ್ದು, ವೆದ್ರು ಅಂತ?" ನಾನು ಹೇಳಿದೆ. ಅವರು ಹೆಂಚಿನ ಮೇಲಿನ ರೊಟ್ಟಿ ಮಗುಚಿದರು.

ಆ ವರ್ಷವೇ ಚಿಕ್ಕಮಾವನ ಕಣ್ಣು ಮಂಜಾಗತೊಡಗಿತು. ಗ್ಲಾಕೋಮಾ ಎಂದರು ಡಾಕ್ಟರು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದೂ ನಿಲ್ಲುವುದಿಲ್ಲ. ಅವರಿಗೆ ಒಂದೇ ಅವಸರ. ತಾವು ಕೊನೆಯ ವರ್ಷಗಳಲ್ಲಿ ಓಡಿಸಿದ ಎಂಜಿನ್ನು ಇನ್ನೂ ಆ ಸ್ಟೇಷನ್ನಿಗೆ ಬಂದಿರಲಿಲ್ಲ. ಉಳಿದವೆಲ್ಲ ಯಾರದೋ ಗಾಡಿಗಳು, ಇದು ಅವರದು. ಅದರ ಮೈಮೇಲಿನ ಪ್ರತಿ ಕಲೆಯೂ ತಮಗೆ ಬಾಯಿಪಾಠ ಎನ್ನುತ್ತಿದ್ದರು. ಕಿಟಕಿಗೆ ಕುರ್ಚಿ ಎಳೆದುಕೊಂಡು, ಎಂಜಿನ್ನನ್ನು ಕಣ್ಣಿಗೆ ತಗಲುವಷ್ಟು ಹತ್ತಿರ ಹಿಡಿದು, ತಿಂಗಳುಗಟ್ಟಲೆ ಮಾಡಿದರು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮುಗಿಯಿತು. ನನ್ನನ್ನು ಕರೆದು ತೋರಿಸಿದರು. ಸುಣ್ಣದ ಗೆರೆ, ಎಣ್ಣೆ ಜಿಡ್ಡಿನ ಮೇಲೆ ಕೂತ ಧೂಳು, ಬೆಳ್ಳಗೆ ಸವೆದ ಹಿಡಿಕಂಬಿ... ಮುಟ್ಟಿದರೆ ಬೆರಳು ಸುಡುತ್ತದೆ ಅನ್ನಿಸಿತು. "ಫಿನಿಶ್ಡ್" ಎಂದರು. "ಇನ್ ಈ ಕಣ್ಣು ಹೋದ್ರೆ ಹೋಗ್ಲಿ ಬುಡಮ್ಮ."

ಅದಾದ ವಾರದಲ್ಲೇ ಕಣ್ಣು ಒಮ್ಮೆಲೇ ಇನ್ನಷ್ಟು ಕೆಟ್ಟಿತು. ಆಯುಧಪೂಜೆಯ ಹಿಂದಿನ ದಿನ ನನ್ನ ಯಜಮಾನರು ಅವರನ್ನು ತುಮಕೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ನಾನು ಮನೆಯ ಮುಂಭಾಗದಲ್ಲಿ ಹಬ್ಬದ ಕೆಲಸದಲ್ಲಿದ್ದೆ. ಸಂಜೆ ಹಿತ್ತಲಿಗೆ ಹೋದಾಗ ಚಿಕ್ಕತ್ತೆ ಬಾವಿಕಟ್ಟೆಯ ಮೇಲೆ ತೊಳೆದ ಸಾಮಾನು ಆರಲು ಇಟ್ಟಿದ್ದರು. ಚೊಂಬು, ಕೊಳಗ, ಮಚ್ಚುಗಳ ಸಾಲಿನಲ್ಲಿ ಎಂಜಿನ್ನೂ ಚಕ್ರ ಮೇಲಾಗಿ ಮಲಗಿತ್ತು. ಬಣ್ಣವೂ ಕಿತ್ತು ಬಂದು ತಗಡು ಫಳಫಳ ಹೊಳೆಯುತ್ತಿತ್ತು.

"ಚಿಕ್ಕತ್ತೆ, ಇದು..." ಎಂದೆ.

"ಏನಮ್ಮ? ಹಬ್ಬಕ್ಕೆ ಕಬ್ಬಿಣ ತೊಳೀಬಾರ್ದಾ?" ಅವರ ಬೆರಳ ತುದಿಗಳು ಹುಳಿಗೆ ಬೆಳ್ಳಗೆ ಸುಕ್ಕಾಗಿದ್ದವು.

ಬೆಳಗ್ಗೆ ಎಲ್ಲವನ್ನೂ ನಡುಮನೆಯಲ್ಲಿ ಜೋಡಿಸಿದೆವು. ನಟ್ಟನಡುವೆ ಎಂಜಿನ್ನನ್ನು ಇಟ್ಟವರೂ ಚಿಕ್ಕತ್ತೆಯೇ. ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿದ್ದರು. ಚಿಕ್ಕಮಾವನನ್ನು ಕೈಹಿಡಿದು ತಂದು ಕೂರಿಸಿದಾಗ ಅವರಿಗೆ ಬೆಳಕಿನ ತುಣುಕುಗಳಷ್ಟೇ ಕಾಣುತ್ತಿದ್ದವು. ಮುಂದಿದ್ದ ಹೊಳಪಿನ ಕಡೆ ಕೈ ಚಾಚಿ ಸವರಿದರು.

"ಯಾರದಿದು ಚೊಂಬು?"

ನನ್ನ ಯಜಮಾನರಿಗೆ ಏನೂ ತಿಳಿದಿರಲಿಲ್ಲ. ಹಬ್ಬದ ಖುಷಿಯಲ್ಲಿದ್ದರು. "ಚೊಂಬಲ್ಲ ಚಿಕ್ಕಪ್ಪ, ನಿಮ್ ಗಾಡಿ! ಮದ್ವೆಮನೆ ಮದ್ಲಿಂಗನಂಗೆ ಮಿಂಚ್ತೈತೆ ನೋಡ್ರಿ!"

ಚಿಕ್ಕಮಾವನ ಹೆಬ್ಬೆರಳು ಹೊಗೆಗೊಳವೆಯಿಂದ ಶುರುವಾಗಿ ಮೆಲ್ಲಗೆ ಕೆಳಗಿಳಿಯಿತು. ಸುಣ್ಣದ ಗೆರೆ ಇದ್ದ ಕಡೆ ನಿಂತಿತು. ಮತ್ತೆ ಮುಂದೆ ಹೋಯಿತು. ಹಿಡಿಕಂಬಿಯ ತನಕ ಹೋಗಿ ವಾಪಸ್ ಬಂತು. ಎಲ್ಲ ಕಡೆ ಒಂದೇ ನುಣುಪು.

"ಯಾರು?" ಎಂದರು.

"ನಾನೇ ಕಣ್ರೀ. ಕೊಳೆ ಕಚ್ಕೊಂಡಿತ್ತು, ಉಜ್ಜಿದೆ. ಪೂರಾ ಹೋಯ್ತು." ಚಿಕ್ಕತ್ತೆ ಕರ್ಪೂರದ ತಟ್ಟೆ ಕೈಗೆತ್ತಿಕೊಂಡರು. "ನನ್ ಮಕದ್ದೊಂದು ಎಷ್ಟ್ ಉಜ್ಜಿದ್ರೂ ಹೋಗಾಕಿಲ್ಲ, ಏನ್ ಮಾಡ್ಲಿ?"

ಯಾರೂ ನಗಲಿಲ್ಲ. ಚಿಕ್ಕತ್ತೆ ಮಂಗಳಾರತಿ ತಟ್ಟೆಯನ್ನು ಗಂಡನ ಮುಂದೆ ಹಿಡಿದರು. ಅವರು ಉರಿಯ ಮೇಲೆ ಅಂಗೈ ಆಡಿಸಿ, ಎಲ್ಲರ ಹಾಗೆ ಎರಡೂ ಕಣ್ಣಿಗೆ ಒತ್ತಿಕೊಂಡರು. ತುಂಬ ಹೊತ್ತು ಒತ್ತಿಕೊಂಡೇ ಇದ್ದರು.

ಅದಾದ ಮೇಲೆ ಅವರು ಅದನ್ನು ಮತ್ತೆ ಹಳತು ಮಾಡಲು ನೋಡಿದರು. ನಾನು ಪಕ್ಕದಲ್ಲಿ ಕೂತು, ಎಡಕ್ಕೆ, ಸ್ವಲ್ಪ ಮೇಲೆ, ಸ್ಟಾಪ್ ಎನ್ನುತ್ತಿದ್ದೆ. ಕೈಯಲ್ಲಿ ನೆನಪಿತ್ತು, ಅಳತೆ ಇರಲಿಲ್ಲ. ಸುಣ್ಣ ಚಿಮಣಿಯ ಮೇಲೆ, ಮಸಿ ಎಲ್ಲೆಂದರಲ್ಲಿ. ಹೇಗಿದೆ ಎಂದು ಕೇಳಿದಾಗ ಇದ್ದದ್ದನ್ನೇ ಹೇಳಿದೆ, "ಒಲೆ ಮೇಲಿಂದ ಇಳಿಸಿದ ಪಾತ್ರೆ ಹಾಗಿದೆ ಮಾವ." "ಥ್ಯಾಂಕ್ಯೂ ಮೇಡಂ" ಎಂದು ನಕ್ಕರು. ಸಂಜೆ ಚಿಕ್ಕತ್ತೆ ಬಂದು ಅದನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಈಗ ಹೊಸಿಲು ದಾಟಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವರು ಬಳಿಯುವುದು, ಇವರು ತೊಳೆಯುವುದು, ಇದೇ ಅಭ್ಯಾಸವಾಯಿತು.

"ತೊಳಿ ತೊಳಿ, ನಿನ್ ಕೈ ಸವೆಯೋಗಂಟ ತೊಳಿ" ಎಂದು ಚಿಕ್ಕಮಾವ ಕೂಗಿದ್ದು ನೆನಪಿದೆ.

"ನೀವ್ ಬಳೀರಿ, ನಾನ್ ತೊಳೀತೀನಿ. ಟೈಮ್ ಹೋಗ್ತದಲ್ಲ" ಎಂದರು ಚಿಕ್ಕತ್ತೆ, ಲಾಲಿ ಹಾಡುವವರಷ್ಟು ಮೆತ್ತಗೆ.

ಒಂದು ಬೇಸಿಗೆಯಲ್ಲಿ ಚಿಕ್ಕಮಾವ ಹೋದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ವಿಭೂತಿ ಹಚ್ಚುತ್ತಾರೆ. ಹಣೆಗೆ, ಎದೆಗೆ, ತೋಳಿಗೆ ಹಚ್ಚುತ್ತಿದ್ದಾಗ ಮೂಲೆಯಿಂದ ಚಿಕ್ಕತ್ತೆಯ ದನಿ ಬಂತು. "ದಪ್ಪಗೆ ಬಳೀರಪ್ಪ. ಅವರ್ಗೆ ಬೂದಿ ಅಂದ್ರೆ ಬಲು ಇಷ್ಟ." ಬಂದ ಜನ ಅದನ್ನು ದುಃಖ ಎಂದುಕೊಂಡರು. ದುಃಖವೂ ಇತ್ತೋ ಏನೋ... ನಾನು ಅವರ ಮುಖ ನೋಡಿದೆ, ಗೊತ್ತಾಗಲಿಲ್ಲ.

ಮುಂದಿನ ಆಯುಧಪೂಜೆಗೆ ಬಾವಿಕಟ್ಟೆಯ ಮೇಲೆ ಎಂಜಿನ್ನು ಕಾಣಲಿಲ್ಲ. ಯಾಕೆ ಎಂದು ಚಿಕ್ಕತ್ತೆಯನ್ನು ಕೇಳಿದೆ. ಆಗಲೇ ಅದನ್ನು ಡಬ್ಬದಲ್ಲಿಟ್ಟು ಅಟ್ಟಕ್ಕೆ ಹಾಕಿಸಿದ್ದರು. "ಮುಟ್ಟಿ ನೋಡೋರೇ ಇಲ್ವಲ್ಲಮ್ಮ, ಯಾರಿಗ್ ತೊಳೀಲಿ?" ಎಂದರು. ಕೆಲವು ವರ್ಷಗಳಲ್ಲಿ ಅವರೂ ಹೋದರು. ಸ್ಟೇಷನ್ನನ್ನು ಕಿತ್ತಮೇಲೆ ಆ ಬಾಗಿಲುಗಳು ತೋಟದ ಮನೆಯಲ್ಲಿ ಮತ್ತೆ ಬಾಗಿಲುಗಳಾದವು. ಉಳಿದ ಎಂಜಿನ್ನುಗಳನ್ನು ಯಾರು ಯಾರು ಕೊಂಡುಹೋದರೋ ನೆನಪಿಲ್ಲ.

ಇಂದು ಕಾಫಿ ಆರುತ್ತಿದೆ, ಎಂಜಿನ್ನು ನನ್ನ ಮಡಿಲಲ್ಲಿದೆ. ನಾರು ಗೀರಿದ ತಗಡಿಗೆ ತುಕ್ಕು ಹಿಡಿದಿದೆ. ಮೂತಿಗೆ, ಬೆನ್ನಿಗೆ, ಹೊಟ್ಟೆಗೆ, ಒಂದಿಂಚೂ ಬಿಡದೆ. ಮೊದಲು ನನಗೆ ಅನ್ನಿಸಿದ್ದು, ಚಿಕ್ಕಮಾವ ಇದ್ದಿದ್ದರೆ ಇದನ್ನು ನೋಡಿ ಉಗಿಯುತ್ತಿದ್ದರು ಎಂದು. ಇದೆಂಥ ತುಕ್ಕು, ಟೋಟಲಿ ರಾಂಗ್, ತಲೆ ಬುಡ ಇಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು ಹಿಡಿಕಂಬಿಯನ್ನು ಹುಡುಕಿದೆ. ಅದರ ಮೇಲೂ ದಟ್ಟವಾಗಿ ಕೂತಿದೆ.

ಇಲ್ಲ, ರಾಂಗ್ ಅಲ್ಲ. ಅವರ ರೂಲ್ ಪ್ರಕಾರವೇ ಹಿಡಿದಿದೆ.

ಸೊಸೆ ಮತ್ತೆ ಬಂದು ನಿಂತಳು. ಹುಣಸೆ ರಸದ ಬೋಗುಣಿ ಅವಳ ಕೈಯಲ್ಲೇ ಇತ್ತು. "ಏನ್ ಮಾಡ್ಲಿ ಅತ್ತೆ?"

"ಮುಟ್ಟಬೇಡ" ಎಂದೆ.