ದಿನಾಂಕವಿಲ್ಲದ ಸಾವು

ನಾರ್ತ್‌ರಿಜ್, ೧೯೮೨. ಯೆಹೂದಿ ಸಭೆಯ ಹಿರಿಯ ಸ್ವಯಂಸೇವಕಿ ರೂತ್ ಅವರು ಕಾಂಬೋಡಿಯಾದ ನಿರಾಶ್ರಿತೆ ಸೋಫಾಲ್ ಅವರಿಗೆ ಇಲ್ಲಿ ಬಾಡಿಗೆಮನೆ ಹಿಡಿದುಕೊಟ್ಟಿದ್ದಾರೆ. ಇಂದು ಮಂಚ, ಪಾತ್ರೆಗಳನ್ನು ಸಾಗಿಸಲು ರೂತ್ ಮತ್ತು ಇಲ್ಲೇ ನೆಲೆಸಿರುವ ನನ್ನ ಸೊಸೆ ವಸುಧಾಳೊಂದಿಗೆ ನಾನೂ ಹೋದೆ.

ಸಾಮಾನು ಇಳಿಸಿದ ಮೇಲೆ ಸೋಫಾಲ್ ತಮ್ಮ ಮಗಳ ಮೂಲಕ ಒಂದೇ ಮಾತು ಕೇಳಿದರು. ತಮ್ಮ ದೇಶದ ಬಲವಂತದ ದುಡಿಮೆಯ ಶಿಬಿರದಲ್ಲಿ ಸತ್ತ ಗಂಡನಿಗೆ ವರ್ಷಕ್ಕೊಮ್ಮೆ ಅನ್ನ ಅರ್ಪಿಸಬೇಕು. ಆದರೆ ಸತ್ತ ದಿನ ಯಾವುದು? ಅಲ್ಲಿ ಯಾರ ಬಳಿಯೂ ಕ್ಯಾಲೆಂಡರ್ ಇರಲಿಲ್ಲ.

"ಶಾಸನಕ್ಕೆಲ್ಲ ಡೇಟ್ ಹಾಕಿದೋರು ನೀವು, ಮಾವ. ಇದೊಂದು ನೋಡಿ," ಎಂದಳು ವಸುಧಾ.

ತಾಯಿಗೆ ನೆನಪಿದ್ದುದು ನಾಟಿಯ ಕಾಲ, ಮಗಳಿಗೆ ಕೊಯ್ಲು. ಎರಡನ್ನೂ ತಾಳೆ ನೋಡಿದೆ; ಹೊಂದಲಿಲ್ಲ. ವರ್ಷವನ್ನೂ ಖಚಿತವಾಗಿ ಹೇಳಲಾರೆನೆಂದು ಒಪ್ಪಿಕೊಂಡೆ. ಸೋಫಾಲ್ ಮುಖ ತಿರುಗಿಸಿ ಪಾತ್ರೆ ಒರೆಸತೊಡಗಿದರು.

"ನನ್ನ ತಾಯೀನ ಪೋಲೆಂಡಿನಲ್ಲಿ ಕೊಂದರು. ದಿನ ನನಗೂ ಗೊತ್ತಿಲ್ಲ," ಎಂದರು ರೂತ್. "ಚಳಿಗಾಲದಲ್ಲಿ ನಮಗೊಂದು ಉಪವಾಸ ಇದೆ. ದಿನ ಗೊತ್ತಿಲ್ಲದವರಿಗೆಲ್ಲ ಆವತ್ತೇ ದೀಪ ಹಚ್ತೀವಿ."

ಮಗಳು ಅದನ್ನು ತಾಯಿಗೆ ತಿಳಿಸಿ, ತಾಯಿಯ ಉತ್ತರವನ್ನು ರೂತ್ ಅವರಿಗೆ ಹೇಳಿದಳು: "ಅದೇ ದಿನ ಅಪ್ಪನಿಗೂ ಇಟ್ಟುಕೊಳ್ಳಬಹುದಾ ಅಂತ ಅಮ್ಮ ಕೇಳ್ತಿದಾರೆ."

"ಧಾರಾಳವಾಗಿ. ಆದರೆ ಅದು ನಮ್ಮ ಪಂಚಾಂಗದ ದಿನ, ವರ್ಷ ವರ್ಷ ಬೇರೆ ತಾರೀಖಿಗೆ ಬರುತ್ತೆ," ಎಂದರು ರೂತ್. "ನಾನಿರೋವರೆಗೆ ಪ್ರತಿ ಸಲ ಬಂದು ಹೇಳ್ತೀನಿ."